ಮನೆಯ ಬೇಲಿಗೆ ಗೌರಿ ಹೂ

ಭಾದ್ರಪದದ ಗೌರಿ ಹಬ್ಬ ಹತ್ತಿರವಾಯಿತೆಂದರೆ ಮಲೆನಾಡು ಮತ್ತು ಕರಾವಳಿಯ ಹಳ್ಳಿಗಳಲ್ಲಿ ಬೇಲಿ, ಗುಡ್ಡ, ಕಾಡಿನ ಅಂಚುಗಳನ್ನು ಸುತ್ತಿ ಗೌರಿ ಹೂವನ್ನು ಹುಡುಕಿ ತರುವುದು ಹಿಂದಿನಿಂದ ಬಂದ ವಾಡಿಕೆ. ಬೆಂಕಿಯ ನಾಲಗೆಯಂತೆ ಮೇಲಕ್ಕೆ ಚಾಚಿದ, ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪಾದ ಆ ಆರು ಎಸಳುಗಳ ಹೂವನ್ನು ಒಮ್ಮೆ ನೋಡಿದವರು ಮರೆಯಲಾರರು. ಆದರೆ ಈಗ ಅದನ್ನು ಹುಡುಕಿ ತರುವುದು ಸುಲಭವಲ್ಲ. ಗಿಡಗಳ ಬೇಲಿ ಹೋಗಿ ಕಲ್ಲುಕಂಬ, ತಂತಿಯ ಬೇಲಿ ಬಂದಿದೆ. ಕುರುಚಲು ಗುಡ್ಡಗಳು ಎಷ್ಟೋ ಕಡೆ ತೋಟಗಳಾಗಿವೆ. ಇದು ಸಾಲದೆಂಬಂತೆ ಔಷಧಿಯ ವ್ಯಾಪಾರಕ್ಕಾಗಿ ಗೆಡ್ಡೆಯನ್ನೇ ಅಗೆದು ಒಯ್ಯುತ್ತಾರೆ. ಹೂ ಕಿತ್ತರೆ ಗಿಡ ಸಾಯುವುದಿಲ್ಲ, ಗೆಡ್ಡೆ ಅಗೆದರೆ ಆ ಜಾಗದಲ್ಲಿ ಮತ್ತೆ ಗಿಡವಿಲ್ಲ.

ಮನೆಯ ಸುತ್ತ ನಾಲ್ಕು ಮಾರು ಬೇಲಿ ಇರುವ ಯಾವ ರೈತನೂ ಈ ಹೂವನ್ನು ಬೆಳೆಸಿಕೊಳ್ಳಬಹುದು. ಖರ್ಚು ಎಂಬುದು ಹೆಚ್ಚೇನೂ ಇಲ್ಲ. ಆದರೆ ನೆಡುವ ಮೊದಲು ಎರಡು ವಿಷಯಗಳನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಒಂದು, ಈ ಗಿಡ ವರ್ಷದಲ್ಲಿ ಅರ್ಧ ಕಾಲ ನೆಲದೊಳಗೆ ಗೆಡ್ಡೆಯಾಗಿ ಮಲಗಿರುತ್ತದೆ. ಎರಡು, ಬೇರಿನಿಂದ ಬೀಜದವರೆಗೆ ಇದರ ಎಲ್ಲ ಭಾಗವೂ ವಿಷ. ಈ ಗಿಡದಿಂದ ಆಗುವ ಅನಾಹುತಗಳು ಬಹುಮಟ್ಟಿಗೆ ಈ ಎರಡೂ ಕೂಡಿದಲ್ಲಿ, ಅಂದರೆ ಗಿಡ ಕಣ್ಣಿಗೆ ಕಾಣದೆ ಗೆಡ್ಡೆ ಮಾತ್ರ ಕೈಗೆ ಸಿಕ್ಕಾಗ ಆಗುತ್ತವೆ.

ಗಿಡದ ಪರಿಚಯ

ಗೌರಿ ಹೂವಿಗೆ ನಮ್ಮಲ್ಲಿ ಅಗ್ನಿಶಿಖೆ, ಶಿವಶಕ್ತಿ, ಕೋಳಿಕುಟುಮ, ಕರಡಿ ಕಣ್ಣಿನ ಗೆಡ್ಡೆ ಎಂಬ ಹೆಸರುಗಳೂ ಇವೆ. ಸಂಸ್ಕೃತದಲ್ಲಿ ಲಾಂಗಲಿ ಎನ್ನುತ್ತಾರೆ. ಲಾಂಗಲವೆಂದರೆ ನೇಗಿಲು. ಅಗೆದ ಗೆಡ್ಡೆಯನ್ನು ಅಂಗೈಯಲ್ಲಿಟ್ಟು ನೋಡಿದರೆ ಹೆಸರಿನ ಅರ್ಥ ಹೊಳೆಯುತ್ತದೆ: ಎರಡು ತೋಳುಗಳು ಒಂದೆಡೆ ಕೂಡಿ, ಥೇಟು ನೇಗಿಲಿನ ಬಾಗಿನಂತೆಯೇ ಕಾಣುತ್ತದೆ. ಸಸ್ಯಶಾಸ್ತ್ರದಲ್ಲಿ ಇದು ಗ್ಲೋರಿಯೋಸಾ ಸುಪರ್ಬ. ಲಿನೇಯಸ್ 1753ರಲ್ಲಿ ಕೊಟ್ಟ ಹೆಸರು ಇದು. ಭಾರತ, ಶ್ರೀಲಂಕಾಗಳಂತೆ ಆಫ್ರಿಕಾದಲ್ಲಿಯೂ ಸಹಜವಾಗಿ ಬೆಳೆಯುತ್ತದೆ. ನೆರೆಯ ತಮಿಳುನಾಡು ಇದನ್ನು ತನ್ನ ರಾಜ್ಯ ಪುಷ್ಪವನ್ನಾಗಿ ಮಾಡಿಕೊಂಡಿದೆ, ದೂರದ ಜಿಂಬಾಬ್ವೆ ರಾಷ್ಟ್ರ ಪುಷ್ಪವನ್ನಾಗಿ.

ಇದು ಬಹುವಾರ್ಷಿಕ ಬಳ್ಳಿ. ಮುಂಗಾರಿನ ಮೊದಲ ಮಳೆಗಳಿಗೆ ಮೊಳೆತು, ಒಂದೂವರೆಯಿಂದ ಮೂರು ಮೀಟರ್‌ವರೆಗೆ ಏರುತ್ತದೆ. ಕಾಂಡ ತೆಳುವು, ಬಹಳ ನಾಜೂಕು. ಏರುವ ರೀತಿ ವಿಚಿತ್ರವಾದದ್ದು: ಹಾಗಲ, ಹೀರೆಗಳಂತೆ ಬೇರೆಯಾಗಿ ಕುಡಿಬಳ್ಳಿ ಬಿಡುವುದಿಲ್ಲ, ಎಲೆಯ ತುದಿಯೇ ನೀಳವಾಗಿ ಸುರುಳಿಯಾಗಿ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ. ಹೂ ಮೊದಲು ಹಸಿರು ಮಿಶ್ರಿತ ಹಳದಿ. ಅನಂತರ ತುದಿಯಿಂದ ಕೆಂಪೇರುತ್ತ ಬಂದು ಕೊನೆಗೆ ಪೂರ್ತಿ ಕೆಂಪಾಗುತ್ತದೆ. ಹೀಗೆ ಬಣ್ಣ ಬದಲಿಸುತ್ತ ಒಂದು ಹೂ ಸುಮಾರು ಒಂದು ವಾರ ಬಳ್ಳಿಯಲ್ಲೇ ನಿಲ್ಲುವುದರಿಂದ ಒಂದೇ ಬಳ್ಳಿಯಲ್ಲಿ ಮೂರು ಬಣ್ಣದ ಹೂಗಳನ್ನು ಒಟ್ಟಿಗೆ ನೋಡಬಹುದು. ಅಂಗಡಿಯಿಂದ ತಂದ ಯಾವ ಹೊರದೇಶದ ಬಳ್ಳಿಯೂ ಮಳೆಗಾಲದ ಮೋಡದ ಬೆಳಕಿನಲ್ಲಿ ಇದರ ಮುಂದೆ ಮಂಕೇ.

ಗೆಡ್ಡೆ ಎಲ್ಲಿಂದ ತರಬೇಕು?

ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗೆಡ್ಡೆ ತೆಗೆಯುವುದು ಕಾನೂನಿಗೆ ವಿರುದ್ಧ, ಅದರ ಅಗತ್ಯವೂ ಇಲ್ಲ. ನಿಮ್ಮದೇ ತೋಟದ ಬೇಲಿಯಲ್ಲೋ ನೆರೆಯವರ ಹಿತ್ತಲಿನಲ್ಲೋ ಹೂ ಬಿಟ್ಟ ಗಿಡ ಕಂಡರೆ ಅದರ ಬುಡದ ಪಕ್ಕದಲ್ಲಿ ಆಗಲೇ ಒಂದು ಗೂಟ ನೆಟ್ಟು ಗುರುತು ಮಾಡಿ. ಹೀಗೆ ಮಾಡದಿದ್ದರೆ ಪುಷ್ಯ ಮಾಸದಲ್ಲಿ ಹಾರೆ ಹಿಡಿದು ಹೋದಾಗ ಅಲ್ಲಿ ಗಿಡವಿತ್ತೆಂಬ ಕುರುಹೂ ಸಿಗುವುದಿಲ್ಲ. ಬಳ್ಳಿ ಪೂರ್ತಿ ಒಣಗಿದ ಮೇಲೆ, ಡಿಸೆಂಬರ್-ಜನವರಿಯಲ್ಲಿ ಗೆಡ್ಡೆ ತೆಗೆಯಬೇಕು. ಔಷಧಿ ಸಸ್ಯಗಳ ಸಸ್ಯಕ್ಷೇತ್ರಗಳಲ್ಲಿಯೂ ಕೆಲವೊಮ್ಮೆ ಗೆಡ್ಡೆ ದೊರೆಯುತ್ತದೆ.

ಅಗೆಯುವಾಗ ಅವಸರ ಕೂಡದು. ಗೆಡ್ಡೆಯ ಪ್ರತಿಯೊಂದು ತೋಳಿನ ತುದಿಯಲ್ಲಿ ಒಂದೇ ಒಂದು ಮೊಗ್ಗು, ಅಂದರೆ ಕಣ್ಣು ಇರುತ್ತದೆ. ಆಲೂಗೆಡ್ಡೆಯಂತೆ ಮೈತುಂಬ ಕಣ್ಣುಗಳಿಲ್ಲ. ಆ ತುದಿ ಮುರಿದರೆ ಉಳಿದ ಭಾಗ ಎಷ್ಟೇ ದಪ್ಪವಾಗಿದ್ದರೂ ಮೊಳೆಯುವುದಿಲ್ಲ. ನೆಟ್ಟರೂ ಗಿಡ ಬರಲಿಲ್ಲವೆಂಬ ದೂರುಗಳಲ್ಲಿ ಹೆಚ್ಚಿನವು ಈ ತುದಿ ಮುರಿದದ್ದರ ಫಲ. ಆದ್ದರಿಂದ ಒಂದು ಗೇಣು ದೂರದಿಂದಲೇ ಮಣ್ಣು ಸಡಿಲಿಸುತ್ತ ಬಂದು, ಗೆಡ್ಡೆಯನ್ನು ಕೈಯಿಂದ ಬಿಡಿಸಿ ತೆಗೆಯಬೇಕು. ಕೈಗೆ ಕವಸು ಹಾಕಿಕೊಳ್ಳುವುದು ಒಳ್ಳೆಯದು. ಕವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಿ.

ಎರಡೂ ತೋಳುಗಳು ಗಟ್ಟಿಯಾಗಿ, ಎರಡೂ ತುದಿಗಳು ಸರಿಯಾಗಿದ್ದರೆ ಅವು ಕೂಡುವ ಜಾಗದಲ್ಲಿ ಕತ್ತರಿಸಿ ಎರಡು ಗಿಡ ಮಾಡಿಕೊಳ್ಳಬಹುದು. ಕತ್ತರಿಸಿದ ಗಾಯಕ್ಕೆ ಸೌದೆಯ ಬೂದಿ ಹಚ್ಚಿ, ನೆರಳಿನಲ್ಲಿ ಎರಡು ಮೂರು ದಿನ ಆರಲು ಬಿಡಿ. ಕಿರುಬೆರಳಿಗಿಂತ ತೆಳ್ಳಗಿನ ಗೆಡ್ಡೆಗಳು ಮೊದಲ ವರ್ಷ ಎಲೆ ಬಿಟ್ಟು ಬಲಿಯುತ್ತವೆಯೇ ಹೊರತು ಹೂ ಬಿಡದಿರಬಹುದು.

ಬೀಜದಿಂದಲೂ ಗಿಡ ಮಾಡಬಹುದು. ಆದರೆ ಬೀಜ ನಿಧಾನವಾಗಿ, ಒಂದೊಂದಾಗಿ ಮೊಳೆಯುತ್ತದೆ. ಹೂ ಕಾಣಬೇಕಾದರೆ ಮೂರು ನಾಲ್ಕು ವರ್ಷ ಕಾಯಬೇಕು. ತಾಳ್ಮೆಯಿದ್ದವರಿಗೆ ಮಾತ್ರ ಅದು ಸರಿ.

ನೆಡುವ ಜಾಗ

ನೀರು ನಿಲ್ಲದ ಕೆಂಪು ಗೋಡು ಮಣ್ಣು ಇದಕ್ಕೆ ಅತ್ಯುತ್ತಮ. ಮರಳು ಮಿಶ್ರಿತ ಮಣ್ಣಾದರೂ ಆಗಬಹುದು. ಎರೆಭೂಮಿಯಲ್ಲಿ ನೇರವಾಗಿ ನೆಟ್ಟರೆ ಗೆಡ್ಡೆ ಕೊಳೆಯುತ್ತದೆ, ಅಲ್ಲಿ ಏರುಮಡಿ ಮಾಡಿಕೊಳ್ಳಬೇಕು ಅಥವಾ ಕುಂಡದಲ್ಲಿ ಬೆಳೆಸಬೇಕು. ಬೆಳಗಿನ ಬಿಸಿಲು ಬೀಳುವ, ಮಧ್ಯಾಹ್ನ ಅರೆನೆರಳಾಗುವ ಜಾಗ ಚೆನ್ನ. ಬಚ್ಚಲ ನೀರು ಹರಿಯುವ ಮಗ್ಗುಲು ಬೇಡವೇ ಬೇಡ.

ಜಾಗದ ಆಯ್ಕೆಯಲ್ಲಿ ಮಣ್ಣಿಗಿಂತ ಮುಖ್ಯವಾದ ಇನ್ನೊಂದು ನಿಯಮವಿದೆ. ಮನೆ ಬಳಕೆಗೆ ಗೆಣಸು, ಕೆಸು, ಸುವರ್ಣಗೆಡ್ಡೆ, ಶುಂಠಿ, ಅರಿಸಿನ ಬೆಳೆಯುವ ಪಾತಿಗಳ ಹತ್ತಿರ ಗೌರಿ ಹೂವನ್ನು ನೆಡಬಾರದು. ಈ ಗೆಡ್ಡೆ ಒಂದೇ ಜಾಗದಲ್ಲಿ ಇರುವುದೂ ಇಲ್ಲ. ಹಳೆಯ ಗೆಡ್ಡೆ ಪ್ರತಿ ವರ್ಷ ಸತ್ವ ಕಳೆದುಕೊಂಡು ಸುಕ್ಕಾಗಿ ಹೋಗುತ್ತದೆ. ಅದರ ತುದಿಯಲ್ಲಿ ಮೊಳೆತ ಗಿಡದ ಬುಡದಲ್ಲಿ ಹೊಸ ಗೆಡ್ಡೆ ಹುಟ್ಟುತ್ತದೆ. ಹೀಗಾಗಿ ಮುಂದಿನ ವರ್ಷದ ಮೊಳಕೆ ಹೋದ ವರ್ಷದ ಜಾಗಕ್ಕಿಂತ ಸ್ವಲ್ಪ ಆಚೆಯೇ ಕಾಣಿಸುವುದುಂಟು. ನಾಲ್ಕಾರು ವರ್ಷಗಳಲ್ಲಿ ಪಕ್ಕದ ಪಾತಿಯೊಳಕ್ಕೆ ನಡೆದುಬಿಡಬಹುದು. ಬೇಲಿಯ ಬುಡ, ಅಂಗಳದ ಮುಂಭಾಗ, ಅಥವಾ ತುಳಸಿಕಟ್ಟೆಯಿಂದ ದೂರದ ಒಂದು ಮೂಲೆಯನ್ನು ಇದಕ್ಕಾಗಿಯೇ ಮೀಸಲಿಟ್ಟು ಸುತ್ತ ಕಲ್ಲು ಜೋಡಿಸಿ. ಆ ಕಲ್ಲಿನ ಗುರುತು ಗಿಡ ಮಲಗಿರುವ ಆರು ತಿಂಗಳಲ್ಲೂ ಇರಬೇಕು.

ನೆಡುವ ಕಾಲ ಮತ್ತು ಕ್ರಮ

ಗೆಡ್ಡೆಗೆ ತನ್ನದೇ ಆದ ನಿದ್ರೆಯ ಕಾಲವಿದೆ. ಜನವರಿಯಲ್ಲಿ ನೆಟ್ಟು ದಿನವೂ ನೀರು ಹಾಕಿದರೆ ಮೊಳೆಯುವ ಬದಲು ಕೊಳೆಯುತ್ತದೆ. ಕೃತ್ತಿಕಾ ಮಳೆಯಿಂದ ರೋಹಿಣಿ ಮಳೆಯವರೆಗೆ, ಅಂದರೆ ಮೇ ಎರಡನೆಯ ವಾರದಿಂದ ಜೂನ್ ಮೊದಲ ವಾರದವರೆಗೆ ನೆಡುವುದು ಸರಿಯಾದ ಕಾಲ. ಮೊಳಕೆ ಮೇಲೆ ಬರಲು ಎರಡು ಮೂರು ವಾರ ಹಿಡಿಯುತ್ತದೆ. ಅನಂತರ ಸುಮಾರು ಎರಡು ತಿಂಗಳಲ್ಲಿ ಹೂ ಆರಂಭ.

ಹಬ್ಬಕ್ಕೆ ಸರಿಯಾಗಿ ಹೂ ಬೇಕೆನ್ನುವವರು ಪಂಚಾಂಗವನ್ನೂ ನೋಡಬೇಕಾಗುತ್ತದೆ. ಗೌರಿ ಹಬ್ಬ 2023ರಲ್ಲಿ ಸೆಪ್ಟೆಂಬರ್ 18ರಂದು, 2024ರಲ್ಲಿ ಸೆಪ್ಟೆಂಬರ್ 6ರಂದು, 2025ರಲ್ಲಿ ಆಗಸ್ಟ್ 26ರಂದು ಬಂದಿತ್ತು. ಇಷ್ಟು ಹಿಂದುಮುಂದಾಗುವುದರಿಂದ ಎಲ್ಲ ಗೆಡ್ಡೆಗಳನ್ನು ಒಂದೇ ದಿನ ನೆಡದೆ, ಹತ್ತು ಹದಿನೈದು ದಿನಗಳ ಅಂತರದಲ್ಲಿ ಎರಡು ಮೂರು ಸಲ ನೆಡಿ. ಒಂದಲ್ಲ ಒಂದು ಬಳ್ಳಿ ಹಬ್ಬದ ದಿನ ಹೂ ಕೊಡುತ್ತದೆ.

ಉದ್ದ, ಅಗಲ, ಆಳ ಒಂದೊಂದು ಅಡಿಯ ಗುಂಡಿ ತೆಗೆದು, ಮೇಲ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಮರಳನ್ನು ಸಮಪ್ರಮಾಣದಲ್ಲಿ ಬೆರೆಸಿ ತುಂಬಿ. ಗೊಬ್ಬರಕ್ಕೆ ಟ್ರೈಕೋಡರ್ಮ ಬೆರೆಸಿಟ್ಟಿದ್ದರೆ ಗೆಡ್ಡೆ ಕೊಳೆಯುವುದು ಕಡಿಮೆಯಾಗುತ್ತದೆ. ಗೆಡ್ಡೆಯನ್ನು ನೆಟ್ಟಗೆ ನಿಲ್ಲಿಸದೆ ಅಡ್ಡಲಾಗಿ ಮಲಗಿಸಿ, ಮೇಲೆ 6 ರಿಂದ 8 ಸೆಂ.ಮೀ. ಮಣ್ಣು ಬರುವಂತೆ ಮುಚ್ಚಿ. ಗೆಡ್ಡೆಯಿಂದ ಗೆಡ್ಡೆಗೆ ಒಂದೂವರೆ ಅಡಿ ಅಂತರವಿರಲಿ. ಕುಂಡದಲ್ಲಾದರೆ ಒಂದು ಅಡಿ ಅಗಲದ ಕುಂಡಕ್ಕೆ ಒಂದು ಗೆಡ್ಡೆ ಸಾಕು. ತಳದ ತೂತು ಮುಚ್ಚಿಹೋಗದಂತೆ ಹೆಂಚಿನ ಚೂರು ಹಾಕಿ.

ಮಳೆ ಸರಿಯಾಗಿ ಬರುವ ಕಡೆ ನೀರಿನ ಚಿಂತೆಯಿಲ್ಲ. ಕೋಲಾರ, ತುಮಕೂರಿನಂತಹ ಬಯಲುಸೀಮೆಯಲ್ಲಿ ಮಳೆ ಕೈಕೊಟ್ಟಾಗ ವಾರಕ್ಕೆ ಎರಡು ಸಲ ನೀರು ಕೊಡಬೇಕು. ಯೂರಿಯಾ ಹಾಕುವ ಆಸೆ ಬೇಡ. ಬಳ್ಳಿ ಎಳಸಾಗಿ ಉದ್ದ ಬೆಳೆದು ಗಾಳಿಗೆ ಮುರಿಯುತ್ತದೆ. ಮೊಗ್ಗು ಕಾಣುವ ಹೊತ್ತಿಗೆ ಬುಡಕ್ಕೆ ಒಂದು ಬೊಗಸೆ ಎರೆಗೊಬ್ಬರ, ಒಂದು ಹಿಡಿ ಬೂದಿ ಕೊಟ್ಟರೆ ಬೇಕಾದಷ್ಟಾಯಿತು.

ಆಸರೆ

ಮೊಳಕೆ ಬರುವ ಮೊದಲೇ ಆಸರೆ ಸಿದ್ಧವಾಗಿರಬೇಕು. ಆಮೇಲೆ ಗೂಟ ನೆಡಲು ಹೋದರೆ ಗೂಟದ ತುದಿ ಗೆಡ್ಡೆಗೇ ನಾಟಬಹುದು. ಎಲೆಯ ತುದಿಯ ಸುರುಳಿ ಬಹಳ ಸಣ್ಣದು, ಪೆನ್ಸಿಲ್ಲಿಗಿಂತ ದಪ್ಪದ ವಸ್ತುವನ್ನು ಅದು ಹಿಡಿಯಲಾರದು. ಗೋಡೆಗೆ, ಕಲ್ಲುಕಂಬಕ್ಕೆ, ದಪ್ಪ ಬಿದಿರಿಗೆ ಈ ಬಳ್ಳಿ ಹತ್ತುವುದಿಲ್ಲವೆಂದು ಬೇಸರಪಡುವವರು ಇದನ್ನು ಗಮನಿಸಬೇಕು. ಕವಲು ಕವಲಾದ ಒಣ ಕೊಂಬೆಗಳನ್ನು ನೆಟ್ಟರೆ ಸಾಕು. ಎಲ್ಲಕ್ಕಿಂತ ಉತ್ತಮ ಜೀವಂತ ಬೇಲಿ: ಕಳ್ಳಿ, ಬಂದರಿಕೆ, ದಾಸವಾಳದ ಬೇಲಿಯ ಬುಡದಲ್ಲಿ ನೆಟ್ಟರೆ ಬಳ್ಳಿ ತಾನಾಗಿಯೇ ರೆಂಬೆಗಳ ನಡುವೆ ನುಸುಳಿ, ನೆತ್ತಿಯ ಮೇಲೆ ಬಂದು ಹೂ ಬಿಡುತ್ತದೆ. ಕಾಡಿನಲ್ಲಿಯೂ ಇದು ಬೆಳೆಯುವುದು ಹೀಗೆಯೇ, ಪೊದೆಯ ಒಳಗಿನಿಂದ. ಮೊಳಕೆ ಗೇಣುದ್ದ ಆಗುವವರೆಗೆ ಕೋಳಿ, ಕರು ತುಳಿಯದಂತೆ ಮುಳ್ಳು ಹಾಕಿ. ಆ ಹಂತದಲ್ಲಿ ಕುಡಿ ಮುರಿದರೆ ಸಾಮಾನ್ಯವಾಗಿ ಆ ವರ್ಷದ ಹೂವಿನ ಆಸೆ ಬಿಡಬೇಕು.

ಕೀಟ ಮತ್ತು ರೋಗ

ವಿಷದ ಗಿಡಕ್ಕೆ ಕೀಟವೆಲ್ಲಿಂದ ಎನ್ನಬೇಡಿ. ಕಪ್ಪು ಮೈಮೇಲೆ ಬಿಳಿ, ಕೆಂಪು ಚುಕ್ಕೆಗಳಿರುವ ಒಂದು ಕಂಬಳಿಹುಳುವಿನಂತಹ ಹುಳು ಮಳೆಗಾಲದಲ್ಲಿ ಗುಂಪಾಗಿ ಬಂದು ಒಂದೆರಡು ದಿನದಲ್ಲಿ ಬಳ್ಳಿಯನ್ನು ಬೋಳು ಮಾಡುತ್ತದೆ. ಪೊಲಿಟೆಲ ಗ್ಲೋರಿಯೋಸೆ ಎಂಬ ಪತಂಗದ ಮರಿ ಇದು. ಹೆಸರೇ ಹೇಳುವಂತೆ ಗೌರಿ ಹೂ ಇದರ ಮೆಚ್ಚಿನ ಆಹಾರ, ಲಿಲಿ ಜಾತಿಯ ಇತರ ಗಿಡಗಳನ್ನೂ ತಿನ್ನುತ್ತದೆ. ಮನೆಯಲ್ಲಿ ನಾಲ್ಕಾರು ಬಳ್ಳಿ ಇರುವವರು ದಿನ ಬಿಟ್ಟು ದಿನ ನೋಡಿ, ಕಡ್ಡಿಯಿಂದ ಹುಳುಗಳನ್ನು ಸೋಪಿನ ನೀರಿಗೆ ಬೀಳಿಸಿದರೆ ಹತೋಟಿಗೆ ಬರುತ್ತದೆ. ಹೆಚ್ಚಾದರೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಚಿಟಿಕೆ ಸೋಪು ಬೆರೆಸಿ ಸಂಜೆ ಸಿಂಪಡಿಸಿ.

ಬಿಡದೆ ಸುರಿಯುವ ಮಳೆಯಲ್ಲಿ ಎಲೆಗಳ ಮೇಲೆ ಕಂದು ಚುಕ್ಕೆ ಕಂಡರೆ ಅಂತಹ ಎಲೆ ಕಿತ್ತು ಸುಡಬೇಕು. ಬಳ್ಳಿ ಹೂ ಬಿಡುವ ಮುನ್ನವೇ ಹಳದಿಯಾಗಿ ಜೋತುಬಿದ್ದರೆ ಗೆಡ್ಡೆ ಕೊಳೆಯುತ್ತಿದೆಯೆಂದು ತಿಳಿದು ಬಸಿಗಾಲುವೆ ಮಾಡಿ. ಆ ಹಂತದಲ್ಲಿ ಔಷಧಿ ಹುಯ್ದು ಪ್ರಯೋಜನ ಕಡಿಮೆ.

ವಿಷದ ಬಗ್ಗೆ

ಈ ಗಿಡದ ಎಲ್ಲ ಭಾಗಗಳಲ್ಲೂ ಕಾಲ್ಚಿಸಿನ್ ಎಂಬ ವಸ್ತುವಿದೆ. ಗೆಡ್ಡೆ ಮತ್ತು ಬೀಜಗಳಲ್ಲಿ ಹೆಚ್ಚು. ಇದೇ ವಸ್ತುವನ್ನು ವೈದ್ಯರು ಅತಿ ಸಣ್ಣ ಪ್ರಮಾಣದಲ್ಲಿ ಕೀಲುಗಳು ಊದಿಕೊಂಡು ನೋಯುವ ಗೌಟ್ ರೋಗಕ್ಕೆ ಕೊಡುತ್ತಾರೆ. ಸಸ್ಯ ತಳಿ ವಿಜ್ಞಾನಿಗಳಿಗೂ ಇದು ಬೇಕು: ಕಾಲ್ಚಿಸಿನ್ ಹಚ್ಚಿದರೆ ಸಸ್ಯಗಳ ವರ್ಣತಂತುಗಳ ಸಂಖ್ಯೆ ಇಮ್ಮಡಿಯಾಗುತ್ತದೆಂದು 1937ರಲ್ಲಿ ತಿಳಿದುಬಂತು. ಪೇಟೆಯಲ್ಲಿ ಸಿಗುವ ಬೀಜವಿಲ್ಲದ ಕಲ್ಲಂಗಡಿಯ ಹಿಂದೆ ಈ ವಿದ್ಯೆಯೇ ಇದೆ. ಜೀವಕೋಶಗಳು ಒಡೆದು ಎರಡಾಗುವುದನ್ನು ತಡೆಯುವ ಈ ಗುಣವೇ ಮನುಷ್ಯನ ಹೊಟ್ಟೆ ಸೇರಿದಾಗ ಪ್ರಾಣಕ್ಕೆ ಮುಳುವಾಗುತ್ತದೆ. ನಮ್ಮ ದೇಹದಲ್ಲಿ ಕರುಳಿನ ಒಳಪದರ, ರಕ್ತ ಹುಟ್ಟುವ ಮಜ್ಜೆ, ಕೂದಲಿನ ಬುಡಗಳಲ್ಲಿ ಜೀವಕೋಶಗಳು ದಿನವೂ ಹೊಸದಾಗಿ ಹುಟ್ಟುತ್ತಿರಬೇಕು. ವಿಷ ಮೊದಲು ಹೊಡೆಯುವುದು ಅಲ್ಲಿಗೇ.

ಆಯುರ್ವೇದವೂ ಲಾಂಗಲಿಯನ್ನು ಉಪವಿಷಗಳ ಪಟ್ಟಿಯಲ್ಲಿ ಇಟ್ಟಿದೆ, ಶುದ್ಧಿ ಮಾಡದೆ ಬಳಸುವುದಿಲ್ಲ. ಹೆರಿಗೆ ಬೇಗ ಆಗಲೆಂದೋ ಬಸಿರು ಇಳಿಯಲೆಂದೋ ಇದರ ಗೆಡ್ಡೆಯನ್ನು ಬಳಸುವ ಹಳೆಯ ಪದ್ಧತಿಗಳುಂಟು. ಅದರಿಂದ ತಾಯಿಯ ಪ್ರಾಣವೇ ಹೋಗಬಹುದು. ಯಾರೇ ಹೇಳಿದರೂ ಮನೆಯ ಹೆಣ್ಣುಮಕ್ಕಳ ಮೇಲೆ ಇಂತಹ ಪ್ರಯೋಗಕ್ಕೆ ಅವಕಾಶ ಕೊಡಬೇಡಿ.

ಗೆಣಸೆಂದು ತಿಳಿದು ಈ ಗೆಡ್ಡೆಯನ್ನು ಬೇಯಿಸಿ ತಿಂದು ಸತ್ತವರಿದ್ದಾರೆ. ಶ್ರೀಲಂಕಾದ ವೈದ್ಯರು ಇಂತಹ ಪ್ರಕರಣಗಳನ್ನು ದಾಖಲಿಸಿದ್ದಾರೆ. ಬೇಯಿಸಿದರೆ ಮರಗೆಣಸಿನ ನಂಜು ಕಡಿಮೆಯಾಗುತ್ತದೆ, ಕೆಸುವಿನ ತುರಿಕೆ ಹೋಗುತ್ತದೆ. ಆದರೆ ಕಾಲ್ಚಿಸಿನ್ ಬೇಯಿಸಿದರೂ ಹೋಗುವುದಿಲ್ಲ. ಗೌರಿ ಹೂವಿನ ಗೆಡ್ಡೆಯನ್ನು ಹೀಗೆ ಗುರುತಿಸಿ: ತೆಳು ಕಂದು ಸಿಪ್ಪೆ, ನುಣುಪಾದ ಮೈ, ಕೋಲಿನಂತೆ ದುಂಡಾದ ಎರಡು ತೋಳುಗಳು ಕೋನವಾಗಿ ಕೂಡಿರುವುದು, ಮುರಿದರೆ ಒಳಗೆ ಬಿಳುಪು. ತೋಳು ಮುರಿದು ಬಿಡಿಯಾಗಿ ಬಿದ್ದ ತುಂಡನ್ನು ಗುರುತಿಸುವುದು ಕಷ್ಟ. ಆದ್ದರಿಂದ ಇದು ಬೆಳೆದ ಜಾಗದಲ್ಲಿ ಅಗೆದಾಗ ಸಿಕ್ಕ ಯಾವ ಗೆಡ್ಡೆಯೂ ಅಡಿಗೆಮನೆಗೆ ಹೋಗಬಾರದು.

ತಿಂದ ಕೆಲವು ಗಂಟೆಗಳಲ್ಲಿ ಬಾಯಿ, ಗಂಟಲು ಉರಿ, ಹೊಟ್ಟೆನೋವು, ವಾಂತಿ, ನೀರಿನಂತಹ ಭೇದಿ ಆರಂಭವಾಗುತ್ತದೆ. ಕಾಲರಾ ಎಂದು ತಪ್ಪು ತಿಳಿಯುವುದು ಸುಲಭ. ಇಲ್ಲಿ ಒಂದು ಮೋಸವಿದೆ: ಮೊದಲ ದಿನದ ವಾಂತಿ ಭೇದಿ ನಿಂತು ರೋಗಿ ಸುಧಾರಿಸಿದಂತೆ ಕಾಣಬಹುದು. ನಿಜವಾದ ಅಪಾಯ ಎರಡನೆಯ ದಿನದಿಂದ ವಾರದವರೆಗೆ. ಮೂತ್ರಪಿಂಡ, ಹೃದಯ, ರಕ್ತದ ಕಣಗಳು ಕೆಡುವುದು ಆಗ. ಬದುಕಿ ಉಳಿದವರ ತಲೆಗೂದಲು ಒಂದೆರಡು ವಾರಗಳಲ್ಲಿ ಉದುರಿ, ಅನಂತರ ಮತ್ತೆ ಬರುತ್ತದೆ. ಇದಕ್ಕೆ ಮನೆಮದ್ದಿಲ್ಲ. ಹಾಲು, ಹುಣಸೆಹಣ್ಣಿನ ನೀರು, ಉಪ್ಪುನೀರು ಎಂದು ಹೊತ್ತು ಕಳೆಯಬೇಡಿ. ತಿಂದದ್ದು ಒಂದು ಚೂರೇ ಆಗಿದ್ದರೂ, ಇನ್ನೂ ಏನೂ ಆಗಿಲ್ಲವೆಂದು ಕಂಡರೂ, ಉಳಿದ ಗೆಡ್ಡೆಯ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಗೆಡ್ಡೆಯ ಹೆಸರು ವೈದ್ಯರಿಗೆ ಮೊದಲೇ ತಿಳಿದರೆ ಅರ್ಧ ಕೆಲಸ ಆದಂತೆ.

ದನಕರುಗಳಿಗೂ ಇದು ವಿಷವೇ. ನಿಂತ ಬಳ್ಳಿಯನ್ನು ದನ ಮೂಸಿ ಬಿಡಬಹುದು, ಆದರೆ ಹುಲ್ಲಿನ ಹೊರೆಯಲ್ಲಿ ಬೆರೆತು ಬಂದರೆ ತಿಂದುಬಿಡುತ್ತದೆ. ಕಾಲ್ಚಿಸಿನ್ ಹಾಲಿಗೂ ಇಳಿಯುವ ವಸ್ತು. ಬೇಲಿಯ ಬುಡದ ಹುಲ್ಲು ಕೊಯ್ಯುವವರಿಗೆ ಬಳ್ಳಿಯನ್ನು ಮೊದಲೇ ತೋರಿಸಿಡಿ.

ಇಷ್ಟೆಲ್ಲ ಓದಿ, ಹಾಗಾದರೆ ಈ ಗಿಡದ ಗೊಡವೆಯೇ ಬೇಡ ಎನ್ನುವವರಿಗೆ ಒಂದು ಮಾತು. ನಮ್ಮ ಅಂಗಳದ ಕಣಗಿಲೆ, ಉಮ್ಮತ್ತಿ, ಎಕ್ಕ ಇವು ಯಾವುವೂ ಸಾಧುಗಳಲ್ಲ. ಅವುಗಳ ಗುಣ ನಮಗೆ ಗೊತ್ತಿರುವುದರಿಂದ ಅವುಗಳೊಡನೆ ಬದುಕುತ್ತೇವೆ. ಗೌರಿ ಹೂವಿನ ವಿಷಯದಲ್ಲಿ ಹೊಸ ತಲೆಮಾರಿನವರಿಗೆ ಆ ತಿಳಿವಳಿಕೆ ತಪ್ಪಿಹೋಗಿದೆ, ಅಷ್ಟೆ. ಆದರೂ ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವ ಚಿಕ್ಕ ಮಕ್ಕಳಿರುವ ಮನೆಯವರು ನಾಲ್ಕೈದು ವರ್ಷ ತಡೆದು ನೆಡುವುದೇ ಲೇಸು.

ಹೂ ಮತ್ತು ಬೀಜ

ಈ ಹೂವಿನಲ್ಲಿ ಶಲಾಕೆ ಬುಡದಲ್ಲೇ ಪಕ್ಕಕ್ಕೆ ಬಾಗಿ ಹೊರಚಾಚಿರುತ್ತದೆ. ಪರಾಗ ತಾನಾಗಿ ಅದರ ತುದಿಗೆ ತಲುಪುವುದು ಅಪರೂಪ. ಚಿಟ್ಟೆಗಳು, ಸೂರಕ್ಕಿಗಳು ಬಂದರೆ ಕಾಯಿ ಕಟ್ಟುತ್ತದೆ. ಬೀಜ ಬೇಕಿದ್ದವರು ಬೆಳಿಗ್ಗೆ ಒಂದು ಹೂವಿನ ಪರಾಗವನ್ನು ಹತ್ತಿಯಿಂದ ತೆಗೆದು ಇನ್ನೊಂದು ಬಳ್ಳಿಯ ಹೂವಿನ ಶಲಾಗ್ರಕ್ಕೆ ಮುಟ್ಟಿಸಬಹುದು. ಬೀಜ ಬೇಡದವರು, ಮುಖ್ಯವಾಗಿ ಮಕ್ಕಳು ಆಡುವ ಅಂಗಳದವರು, ಬಾಡಿದ ಹೂಗಳನ್ನು ಕೂಡಲೇ ಚಿವುಟಿ ಹಾಕಬೇಕು. ಕಾಯಿ ಬಲಿತು ಒಡೆದಾಗ ಕಾಣುವ ಬೀಜಗಳು ಕೆಂಪು ಮಣಿಗಳಂತೆ ಮಕ್ಕಳನ್ನು ಸೆಳೆಯುತ್ತವೆ. ಕಾಯಿ ಕಟ್ಟದ ಬಳ್ಳಿಯ ಶಕ್ತಿ ಗೆಡ್ಡೆಗೆ ಹೋಗುವುದರಿಂದ ಮುಂದಿನ ವರ್ಷಕ್ಕೂ ಲಾಭ. ಹಬ್ಬಕ್ಕೆ ಹೂ ಕೊಯ್ಯುವಾಗ ತೊಟ್ಟನ್ನು ಮಾತ್ರ ಕೊಯ್ಯಿರಿ, ಬಳ್ಳಿ ಎಳೆಯಬೇಡಿ. ಕೈ ತೊಳೆದು ಮುಂದಿನ ಕೆಲಸಕ್ಕೆ ಹೋಗಿ. ಪೂಜೆ ಮುಗಿದ ಮೇಲೆ ನಿರ್ಮಾಲ್ಯವನ್ನು ದನ ಮೇಯುವ ಕಡೆ ಎಸೆಯದೆ ಹೂಳಿ.

ತಮಿಳುನಾಡಿನ ದಿಂಡಿಗಲ್, ಕರೂರು, ತಿರುಪ್ಪೂರು ಕಡೆಯ ರೈತರು ಇದನ್ನು ಔಷಧಿ ಕಂಪನಿಗಳಿಗಾಗಿ ಬೆಳೆಯಾಗಿಯೇ ಬೆಳೆಯುತ್ತಾರೆ. ಅಲ್ಲಿ ಪ್ರತಿ ಹೂವಿಗೂ ಕೈಯಿಂದ ಪರಾಗ ಮುಟ್ಟಿಸಿ, ಬೀಜ ಮಾರುತ್ತಾರೆ. ಅದನ್ನು ಕೇಳಿ ಎಕರೆಗಟ್ಟಲೆ ನೆಡಲು ಮುಂದಾಗುವವರು ಮೊದಲು ಕೊಳ್ಳುವವರನ್ನು ಗೊತ್ತುಮಾಡಿಕೊಳ್ಳಬೇಕು. ನಾಟಿ ಗೆಡ್ಡೆಯ ಖರ್ಚು ದೊಡ್ಡದು, ಬೀಜದ ಬೆಲೆ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ, ಈ ಬೀಜವನ್ನು ಸಂತೆಯಲ್ಲಿ ಕೊಳ್ಳುವವರಿಲ್ಲ. ಮನೆಯ ಹೂವಿನ ಮಾತೇ ಬೇರೆ, ಬೆಳೆಯ ಮಾತೇ ಬೇರೆ.

ಗೆಡ್ಡೆ ಮಲಗುವ ಕಾಲ

ಸ್ವಾತಿ, ವಿಶಾಖ ಮಳೆಗಳ ಹೊತ್ತಿಗೆ ಎಲೆಗಳು ಹಳದಿಯಾಗತೊಡಗುತ್ತವೆ. ಗಿಡ ಸಾಯುತ್ತಿದೆಯೆಂದು ನೀರು ಹೆಚ್ಚಿಸಬೇಡಿ, ನಿಲ್ಲಿಸಿ. ಹಸಿರಿರುವಾಗ ಬಳ್ಳಿಯನ್ನು ಕತ್ತರಿಸಲೂ ಬಾರದು, ಎಲೆಯ ಸತ್ವ ಗೆಡ್ಡೆಗೆ ಇಳಿಯುವುದು ಈ ವಾರಗಳಲ್ಲಿಯೇ. ಪೂರ್ತಿ ಒಣಗಿದ ಬಳ್ಳಿಯನ್ನು ತೆಗೆದು ಸುಟ್ಟು, ಗುರುತಿನ ಕಲ್ಲುಗಳು ಸರಿಯಾಗಿವೆಯೇ ನೋಡಿ, ಮೇಲೆ ಒಣ ತರಗೆಲೆ ಹರಡಿ. ನೀರು ನಿಲ್ಲದ ಜಾಗವಾದರೆ ಗೆಡ್ಡೆಯನ್ನು ನೆಲದಲ್ಲೇ ಬಿಡುವುದು ಲೇಸು, ಎರಡು ಮೂರು ವರ್ಷಕ್ಕೊಮ್ಮೆ ಅಗೆದು ಬೇರ್ಪಡಿಸಿದರೆ ಸಾಕು. ಅಗೆದು ಇಡುವವರು ಒಣ ಮರಳು ತುಂಬಿದ ಮಡಕೆಯಲ್ಲಿಟ್ಟು, ಬಾಯಿ ಕಟ್ಟಿ, ಮೇಲೆ ಸುಣ್ಣದಿಂದ ‘ವಿಷ’ ಎಂದು ಬರೆಯಬೇಕು. ಓದಲು ಬಾರದವರೂ ಮನೆಯಲ್ಲಿರಬಹುದಾದ್ದರಿಂದ ಬಾಯಿಮಾತಿನಲ್ಲೂ ಎಲ್ಲರಿಗೆ ತಿಳಿಸಿಡಿ. ಬೀಜದ ಶುಂಠಿ, ಗೆಣಸು, ಈರುಳ್ಳಿ ಇಡುವ ಅಟ್ಟದಲ್ಲಿ ಈ ಮಡಕೆಗೆ ಜಾಗ ಬೇಡ, ಸಲಿಕೆ ಗುದ್ದಲಿ ಇಡುವ ಕೊಟ್ಟಿಗೆಯ ಮಾಡಿನ ಕೆಳಗೆ, ಮಕ್ಕಳ ಕೈಗೆಟುಕದಷ್ಟು ಎತ್ತರದಲ್ಲಿ ತೂಗುಹಾಕಿ.